ಮೇಲ್ಮಹಡಿ ಸಾಹೇಬ್ರೂ ನನ್ನ ಸಂಡಿಗೆಯೂ

ಬನ್ರಪ್ಪಾ, ಕಾಲು ಚಾಚ್ಕೊಂಡು ಕೂತ್ಕೊಳ್ಳಿ, ಫೋನ್ ಪಕ್ಕಕ್ಕಿಡಿ. ಕೊಡಿಗೇಹಳ್ಳೀಲಿ ನಮ್ಮನೆ ಮೇಲ್ಮಹಡೀಲಿ ಒಂದು ಕಂಪ್ಯೂಟರ್ ಕಂಪನಿ ಬಾಡಿಗೆಗಿದೆ. ಅಲ್ಲಿ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಮಿಷನ್ನುಗಳ ಜವಾಬ್ದಾರಿಯೆಲ್ಲ ಒಬ್ಬರದ್ದೇ. ಅವರನ್ನ ನಾವು ಸಾಹೇಬ್ರು ಅಂತೀವಿ. ಅವರಿಗಿರೋದು ಒಬ್ಬರೇ ದೊಡ್ಡ ಗಿರಾಕಿ. ಅವರು ಕೈ ಬಿಟ್ರೆ ಕಂಪನಿಗೇ ಬೀಗ.

೧. ಬರೀಬಾರ್ದು

ಸಾಹೇಬ್ರು ಒಂದಿನ ಕೂಗಾಡಿದ್ರು: "ಪಾಸ್‌ವರ್ಡ್‌ನ ಯಾರೂ ಎಲ್ಲೂ ಬರೆದಿಡಬಾರ್ದು!" ಅಲ್ಲಿ ಕೆಲಸ ಮಾಡೋ ಮಕ್ಕಳು ಮಾತು ಮೀರಲಿಲ್ಲ. ಒಬ್ಬೊಬ್ಬರೇ ಮೆಟ್ಟಿಲಿಳಿದು ಬಂದು ನನ್ನ ಕಿವೀಲಿ ಉಸುರಿ ಹೋದ್ರು. ನಂಗೆ ಓದು ಬರಹ ಬರಲ್ವಲ್ಲ, ಬರೆದಿಟ್ಟೇನು ಅನ್ನೋ ಭಯಾನೇ ಇಲ್ಲ! ಮರೆತವರು ಬಂದು "ಅಜ್ಜೀ, ನಂದೇನು?" ಅಂದ್ರೆ ಸೋಬಾನೆ ಪದದ ಥರ ಒಪ್ಪಿಸ್ತಿದ್ದೆ. ವಾರದೊಳಗೆ ಸಾಹೇಬ್ರೇ ತಲೆ ಕೆರ್ಕೊಂಡು ಬಾಗಿಲಲ್ಲಿ ನಿಂತ್ರು: "ಅಜ್ಜೀ... ನಾನು ಹೇಳಿದ್ದ ಪಾಸ್‌ವರ್ಡ್ ನೆನಪಿದ್ಯಾ?"

೨. ಬಿಸಿಗಾಳಿ

ಬೇಸಿಗೇಲಿ ಮೂರು ದಿನ, ಮಧ್ಯಾಹ್ನ ಆದ್ರೆ ಸಾಕು, ಮಿಷನ್ನೆಲ್ಲ ನಿಂತುಹೋಗೋವು. ಪರಿಣತರು ಬಂದ್ರು. ಒಬ್ಬ "ಹೊರದೇಶದ ಕಳ್ಳರ ಕೈವಾಡ" ಅಂದ. ಇನ್ನೊಬ್ಬ "ಹೌದು, ಭಾರೀ ಚಾಲಾಕಿಗಳು" ಅಂದ. ಸಾಹೇಬ್ರು ತಲೆ ಮೇಲೆ ಕೈ ಹೊತ್ಕೊಂಡು ತಾರಸಿಗೆ ಬಂದ್ರು. ಅಲ್ಲಿ ನಾನಿದ್ದೆ! ಅವರ ಏಸಿ ಡಬ್ಬದ ನೆತ್ತಿಯಿಂದ ಬುಸ್ ಅಂತ ಬಿಸಿಗಾಳಿ ಬರುತ್ತಲ್ಲ, ಅದರ ಮೇಲೆ ಹಳೇ ಪಂಚೆ ಹಾಸಿ ಒಣಗಿಸ್ತಿದ್ದೆ. ಗಾಳಿ ಕಟ್ಟಿ, ಕೆಳಗೆ ಮಿಷನ್ನುಗಳು ಕಾದು ಕೆಂಡ ಆಗ್ತಿದ್ವಂತೆ.

"ಇದೇನಜ್ಜೀ?"

"ಸಬ್ಬಕ್ಕಿ ಸಂಡಿಗೆ. ಬಿಸಿಲಿಗಿಂತ ಬೇಗ ಒಣಗುತ್ತೆ ಸಾಹೇಬ್ರೇ. ನಿಮಗೂ ಕೊಡ್ತೀನಿ, ತಡೀರಿ."

ಗಿರಾಕಿಗೆ ಕಾರಣ ಬರೆದು ಕಳಿಸ್ಬೇಕಂತೆ. ಸಾಹೇಬ್ರು ತುಂಬಾ ಹೊತ್ತು ಯೋಚಿಸಿ "ಸ್ಥಳೀಯ ಹವಾಮಾನ" ಅಂತ ಬರೆದ್ರು.

೩. ಯಾರ ಮನೆಯವನು?

ಗಿರಾಕಿ ನಂಬಲಿಲ್ಲ. "ಪರೀಕ್ಷೆಗೆ ಒಬ್ಬನ್ನ ಗುಟ್ಟಾಗಿ ಕಳಿಸ್ತೀವಿ. ಅವನ ಕೈ ಮಿಷನ್ ಮುಟ್ಟಿದ್ರೆ ನಿಮ್ಮ ಸಹವಾಸ ಸಾಕು" ಅಂದ್ರು. ಸಾಹೇಬ್ರು ಮೆಟ್ಟಿಲ ಬುಡದಲ್ಲಿ ಬೆರಳೊತ್ತಿದ್ರೆ ತೆರೆಯೋ ಬಾಗಿಲು ಹಾಕ್ಸಿ, ಹೊಸ ವಾಚ್‌ಮ್ಯಾನ್‌ನ ನಿಲ್ಲಿಸಿದ್ರು.

ಅವರೆಕಾಯಿ ಕಾಲದಲ್ಲಿ ಒಬ್ಬ ಚೀಲ ಹೊತ್ತು ಬಂದು "ಏಸಿ ರಿಪೇರಿ" ಅಂದ. ವಾಚ್‌ಮ್ಯಾನ್ ಸಲಾಮ್ ಹೊಡೆದ. ಕಂಪನಿ ಹುಡುಗಿಯೊಬ್ಬಳು "ಪಾಪ, ಕೈತುಂಬ ಸಾಮಾನು" ಅಂತ ತಾನೇ ಬೆರಳೊತ್ತಿ ಬಾಗಿಲು ತೆಗೆದ್ಲು. ಮೆಟ್ಟಿಲ ಮೇಲೆ ಕಾಯಿ ಸುಲೀತಾ ನಾನು ಕೂತಿದ್ದೆ.

"ಯಾವೂರಪ್ಪಾ?"

"ಚಿಕ್ಕಜಾಲ."

"ಅಯ್ಯೋ, ನನ್ನ ತವರು! ಯಾರ ಮನೆಯವನು?"

"ಅದೇ... ಗೌಡ್ರ ಮನೆ."

"ಯಾವ ಗೌಡ್ರೋ? ನಿಮ್ಮಮ್ಮ ಯಾರ ಮಗಳು?"

ಬೆವತುಬಿಟ್ಟ ಕಣ್ರೀ! ಕಾಫಿ ಕುಡಿಯೋ ಅಂದ್ರೆ ಬೇಡ ಅಂದ. ಏಸಿ ರಿಪೇರಿಯೋನು ಕಾಫಿ ಬೇಡ ಅನ್ನೋದುಂಟಾ! "ಮೆಟ್ಟಿಲ ಪಕ್ಕದ ಆ ರೂಮಲ್ಲಿ ಏಣಿ ಇದೆ, ತಗೋ ಹೋಗು" ಅಂದೆ. ಒಳಗೆ ಹೋದ. ಚಿಲಕ ಹಾಕ್ದೆ.

"ಅಜ್ಜೀ, ನಾನು ಪರೀಕ್ಷೆ ಮಾಡೋಕೆ ಬಂದೋನು!"

"ಆಗ್ಲಪ್ಪಾ, ನಾನೂ ದೇವಲೋಕದ ರಂಭೆ. ಒಳಗೆ ಒಂದು ಮೂಟೆ ಅವರೆಕಾಯಿ ಇದೆ, ಸುಲೀತಾ ಇರು."

ಸಾಹೇಬ್ರು ಬಂದು ಬಿಡಿಸೋ ಹೊತ್ತಿಗೆ ಅರ್ಧ ಮೂಟೆ ಸುಲಿದಿದ್ದ. ವರದೀಲಿ ಬರೆದನಂತೆ: ವಾಚ್‌ಮ್ಯಾನ್ ಫೇಲು, ಬಾಗಿಲು ಫೇಲು, ಅಜ್ಜಿ ಪಾಸು.

ಆಮೇಲೆ ಅವರೆಲ್ಲ ಏನಾದ್ರು ಅಂತೀರಾ? ಗಿರಾಕಿ ಉಳ್ಕೊಂಡ್ರು, "ಅಜ್ಜಿ ಇದ್ದಾರಾ?" ಅಂತ ಕೇಳ್ದೆ ಕಾಗದಕ್ಕೆ ಸಹಿ ಹಾಕಲ್ಲ. ಸಾಹೇಬ್ರು ಚೆನ್ನಾಗಿ ನಿದ್ದೆ ಮಾಡ್ತಾರೆ. ಪರೀಕ್ಷೆಯೋನು ಅವರೆಕಾಯಿ ಕಾಲಕ್ಕೆ ತಪ್ಪದೆ ಬರ್ತಾನೆ, ಈಗ ಎರಡು ಲೋಟ ಕಾಫಿ ಕುಡೀತಾನೆ. ನಂಗೆ ಕತ್ತಿಗೆ ಹಾಕ್ಕೊಳ್ಳೋ ಫೋಟೋ ಕಾರ್ಡು ಕೊಟ್ರು. ವಾಚ್‌ಮ್ಯಾನ್‌ಗೆ ಕೆಲಸ ಕಲಿಸಿದ್ದು ನಾನೇ.

ಮೊನ್ನೆ ಕಾರ್ಡು ಮರೆತು ಸಂಡಿಗೆ ತಟ್ಟೆ ಹಿಡ್ಕೊಂಡು ಹೊರಟೆ. ನನ್ನ ಮನೆ ಮೆಟ್ಟಿಲಿಗೇ ಕೋಲು ಅಡ್ಡ ಹಿಡಿದು ವಾಚ್‌ಮ್ಯಾನ್ ಕೇಳ್ದ:

"ನಿಲ್ಲಮ್ಮಾ! ಯಾವೂರು? ಯಾರ ಮನೆಯವರು?"