ಪಣ ಕಟ್ಟದ ಪಂಚಮಿ

ನಾಗರ ಪಂಚಮಿಯ ದಿನ ಗೋಪನಕೊಪ್ಪದ ಆ ಓಣಿಯಲ್ಲಿ ಪಣ ಕಟ್ಟದೆ ಉಳಿದವನು ಒಬ್ಬನೇ ಒಬ್ಬ. ವರ್ಷದ ಉಳಿದೆಲ್ಲ ದಿನ ಓಣಿಯವರು ಜೂಜುಕೋರ ಎಂದು ಬೆರಳು ಮಾಡಿ ತೋರಿಸುತ್ತಿದ್ದ ಗುರುಪಾದನೇ ಅವನು.

ಗುರುಪಾದನ ಕಸುಬು ಪೋಕರ್. ಗುರುವಾರ ಗೋವಾ ಬಸ್ಸು ಹತ್ತುವುದು, ಪಣಜಿಯ ಹೊಳೆಯಲ್ಲಿ ನಿಂತ ಕ್ಯಾಸಿನೊ ಹಡಗಿನಲ್ಲಿ ಮೂರು ದಿನ ಮೇಜಿಗೆ ಕೂರುವುದು, ಸೋಮವಾರ ಹುಬ್ಬಳ್ಳಿಗೆ ಮರಳಿ ಅವ್ವನ ಕೈಯ ರೊಟ್ಟಿ ಉಂಡು ಮಲಗುವುದು. ಆರು ವರ್ಷಗಳಿಂದ ಇದೇ ನಡೆದಿತ್ತು. ಅವ್ವ ಶಿವಬಸವ್ವನ ಮೊಣಕಾಲಿನ ಆಪರೇಶನ್ ಇದರಲ್ಲೇ ಆಗಿತ್ತು, ಮಾಳಿಗೆ ಸೋರುವುದು ಇದರಲ್ಲೇ ನಿಂತಿತ್ತು. ಆದರೂ ಓಣಿಗೆ ಸಮಾಧಾನವಿಲ್ಲ. ಇಸ್ಪೀಟು ಹಿಡಿದವನು ಇಂದಲ್ಲ ನಾಳೆ ಮನೆ ಮಾರಿಯೇ ಮಾರುತ್ತಾನೆ ಎಂದು ಎಲ್ಲರೂ ತಾಳ್ಮೆಯಿಂದ ಕಾಯುತ್ತಿದ್ದರು.

“ಹತ್ತು ಸಲ ಎಲಿ ಹಂಚಿದ್ರ ಎಂಟು ಸಲ ಒಗದು ಸುಮ್ಮನ ಕುಂದ್ರತೀನ್ರಿ. ನನ್ನ ಕೆಲಸಾ ಅಂದ್ರ ಆಡೂದಲ್ಲ, ಒಲ್ಲೆ ಅನ್ನೂದು,” ಎಂದು ಅವನು ಕಂಡಕಂಡವರಿಗೆ ಹೇಳಿದ್ದ. ಒಲ್ಲೆ ಎನ್ನುವುದಕ್ಕೆ ಯಾರಾದರೂ ಪಗಾರ ಕೊಡುತ್ತಾರೆಯೇ? ಯಾರೂ ನಂಬಲಿಲ್ಲ.

ನಂಬಿದವಳು ಒಬ್ಬಳು, ಮೂಲೆಮನೆಯ ಐಶ್ವರ್ಯಾ. ಪಿಯು ಕಾಲೇಜಿನಲ್ಲಿ ಗಣಿತ ಕಲಿಸುವ ಹುಡುಗಿ. ಅವಳು ಅವನ ಆಟವನ್ನು ನಂಬಿ, ಆಮೇಲೆ ಅವನನ್ನೂ ನಂಬಿದಳು. ಅವಳ ಅಪ್ಪ ಮುರುಗೆಪ್ಪ ಅಮರಗೋಳದ ಮಾರ್ಕೆಟ್ಟಿನಲ್ಲಿ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ವ್ಯಾಪಾರಿ. ಜೂಜು ಎಂಬ ಮಾತು ಬಿದ್ದರೆ ಕಿವಿ ತೊಳೆದುಕೊಳ್ಳುವ ಆಸಾಮಿ. ಮಗಳು ಮದುವೆಯ ಮಾತೆತ್ತಿದಾಗ ಎರಡು ದಿನ ಸಿಟ್ಟಿನಲ್ಲೇ ಉಂಡ. ಮೂರನೆಯ ದಿನ ಗುರುಪಾದನನ್ನು ಕರೆಸಿದ.

“ಪಂಚಮಿ ದಿನಾ ನಮ್ಮ ಓಣ್ಯಾಗ ಸಾಲಿ ಮಾಸ್ತರನಿಂದ ಹಿಡದು ಗುಡಿ ಪೂಜಾರಿತನಕಾ ಎಲ್ಲಾರೂ ಪಣಾ ಕಟ್ಟತಾರ. ಅದು ಹಬ್ಬದ ಪದ್ಧತಿ, ಪಾಪ ಅಲ್ಲ. ಆದ್ರ ನೀ ಒಬ್ಬಾಂವ ಹೊತ್ತು ಹುಟ್ಟಿದಾಗಿಂದ ದೀಪಾ ಹಚ್ಚೂತನಕಾ ಒಂದು ಪಣಾ ಕಟ್ಟಬಾರದು, ಒಂದು ಎಲಿ ಮುಟ್ಟಬಾರದು, ಓಣಿ ಬಿಟ್ಟು ಹೋಗಬಾರದು. ಅಷ್ಟು ಮಾಡಿ ತೋರಸು. ಮರದಿನಾ ಸಕ್ಕರಿ ಹಂಚಿ ಲಗ್ನಾ ಗಟ್ಟಿ ಮಾಡೂನು.”

“ಆತ್ರಿ ಸಾವ್ಕಾರ್ರ,” ಎಂದ ಗುರುಪಾದ. ಹಡಗಿನಲ್ಲಿ ಹತ್ತು ತಾಸು ಕೆಟ್ಟ ಎಲೆ ಒಗೆಯುತ್ತ ಕೂತು ಬೆನ್ನು ಗಟ್ಟಿಯಾದವನಿಗೆ ಇದು ನೀರು ಕುಡಿದಷ್ಟು ಸುಲಭ ಎನಿಸಿತು.

ಪಂಚಮಿ ಬಂತು. ನಾಗಪ್ಪನಿಗೆ ಹಾಲೆರೆದು ಗುರುಪಾದ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತ. ಬೇವಿನ ಮರಕ್ಕೆ ಜೋಕಾಲಿ ಬಿದ್ದಿತ್ತು. ಎದುರು ಕಟ್ಟೆಯಲ್ಲಿ ನಿವೃತ್ತ ಹೆಡ್ ಮಾಸ್ತರ ಉದಯಕುಮಾರ ಕೈಗಡಿಯಾರ ನೋಡುತ್ತ ಕುಳಿತಿದ್ದರು. ಮುರುಗೆಪ್ಪನೇ ಇವರನ್ನು ಕಾವಲಿಗೆ ಕೂರಿಸಿರಬೇಕು ಎಂದುಕೊಂಡು ಗುರುಪಾದ ನಮಸ್ಕಾರ ಮಾಡಿದ.

ಮೊದಲು ಬಂದವನು ಪಕ್ಕದ ಮನೆಯ ಆಟೋ ದುರ್ಗೇಶ. ಹೆಗಲಲ್ಲಿ ಲಿಂಬಿಹಣ್ಣಿನ ಚೀಲ. ಒಂದು ಹಣ್ಣು ಎಸೆಯಬೇಕು, ಅದು ಬಿದ್ದಲ್ಲಿಂದ ಇನ್ನೊಂದು ಎಸೆಯಬೇಕು, ಹೇಳಿದಷ್ಟು ಎಸೆತದಲ್ಲಿ ಹೇಳಿದ ಜಾಗ ಮುಟ್ಟಬೇಕು. ಇದು ಪಂಚಮಿಯ ಹಳೆಯ ಪಂದ್ಯ.

“ಗುರು, ಇಲ್ಲಿಂದ ಬೈರಿದೇವರಕೊಪ್ಪಕ್ಕ ನೂರು ಹಣ್ಣಿನ್ಯಾಗ ಮುಟ್ಟತೀನಿ. ಇಪ್ಪತ್ತು ಕೊಬ್ಬರಿ ಬಟ್ಟಲಾ ಪಣಾ.”

ಗುರುಪಾದ ಅವನ ಬಲಭುಜ ನೋಡಿದ. ನೋವಿನ ಮುಲಾಮಿನ ವಾಸನೆ ಓಣಿ ತುಂಬಿತ್ತು. ಈ ಕೈಯಿಂದ ಹಣ್ಣು ಎದುರಿನ ಮನೆಯ ಕಾಂಪೌಂಡ್ ದಾಟಿದರೆ ಹೆಚ್ಚು. ಕಣ್ಣು ಮುಚ್ಚಿ ಕಟ್ಟಿದರೂ ಗೆಲ್ಲುವ ಪಣ.

“ಒಲ್ಲೆಪಾ.”

“ಎಂಬತ್ತರಾಗ?”

“ಒಲ್ಲೆ ಅಂದ್ನೆಲ್ಲ.”

“ಐವತ್ತರಾಗ ಮುಟ್ಟತೀನಿ. ಇನ್ನೇನ್ ಮಾಡಲಿ ಹೇಳು.”

ಐವತ್ತರಲ್ಲಿ ಮುಟ್ಟಬೇಕಾದರೆ ದುರ್ಗೇಶ ಹಣ್ಣನ್ನು ತೋಪಿನಿಂದ ಹಾರಿಸಬೇಕಿತ್ತು. ತಾನೇ ಸೋಲಲು ಇವನಿಗೇಕೆ ಇಷ್ಟು ಅವಸರ ಎಂದು ಗುರುಪಾದನಿಗೆ ತಿಳಿಯಲಿಲ್ಲ. ನಾಲಿಗೆ ತುರಿಸುತ್ತಿತ್ತು. ಐಶ್ವರ್ಯಾಳ ಮನೆಯ ಬಾಗಿಲು ನೋಡಿ ತಡೆದುಕೊಂಡ.

ಹತ್ತು ಗಂಟೆಗೆ ಮಾಸ್ತರರ ಕಟ್ಟೆಯ ಮೇಲೆ ರಮ್ಮಿ ಶುರುವಾಯಿತು. ಅದೂ ಗುರುಪಾದನ ಮೂಗಿನ ಮುಂದೆ. ಮಾಸ್ತರರು ಬೇಕಾದ ಎಲೆ ಒಗೆಯುತ್ತಿದ್ದರು, ಬೇಡವಾದ ಎಲೆಯನ್ನು ಎದೆಗೆ ಅವಚಿಕೊಳ್ಳುತ್ತಿದ್ದರು. ನೋಡಿ ನೋಡಿ ಗುರುಪಾದ ಮುಖವನ್ನು ಜೋಕಾಲಿಯ ಕಡೆ ತಿರುಗಿಸಿಕೊಂಡ. ಅಷ್ಟರಲ್ಲಿ ಅವರು ಎದ್ದು ಬಂದು, “ತಮ್ಮಾ, ಇವನ್ನ ಒಂದ್ ನಿಮಿಷಾ ಹಿಡಿ. ಒಳಗ ಹೋಗಿ ನೀರು ಕುಡದು ಬರ್ತೀನಿ,” ಎಂದು ಹದಿಮೂರೂ ಎಲೆ ಮುಂದೆ ಚಾಚಿದರು. ಇಂಗ್ಲಿಷ್ ಕಲಿಸಿದ ಗುರುಗಳು. ಹಿರಿಯರು ಕೊಟ್ಟಿದ್ದನ್ನು ತೆಗೆದುಕೊಳ್ಳುವ ರೂಢಿಯಿಂದ ಅವನ ಕೈ ತಾನಾಗಿಯೇ ಮೇಲೆದ್ದಿತು.

ಚಟ್ಟನೆ ಆ ಕೈಯ ಮೇಲೆ ಒಂದು ಪೆಟ್ಟು ಬಿತ್ತು. ಬಳೆ ಅಂಗಡಿಯ ದಾವಲಬಿ ಎಲ್ಲಿದ್ದಳೋ ಓಡಿ ಬಂದಿದ್ದಳು.

“ಕೈ ಹಿಂದಕ ತಗಿ ಬೇಟಾ. ಮಾಸ್ತರ್ರ, ನಿಮ್ಮ ಎಲಿ ನೀವ ಹಿಡಕೊಂಡು ನೀರು ಕುಡೀರಿ,” ಎಂದು ಅವನ ಅಂಗೈಗೆ ಒಂದು ರವಾ ಉಂಡಿ ಇಟ್ಟು, ಅವನ ಪಕ್ಕದಲ್ಲೇ ಗಟ್ಟಿಯಾಗಿ ಕುಳಿತಳು.

“ನನ್ನ ಮ್ಯಾಲೆ ಎಷ್ಟ್ ಕಾಳಜಿ ಚಾಚಿ ನಿಮಗ,” ಎಂದ ಗುರುಪಾದ, ಉಂಡಿ ಮುರಿಯುತ್ತ.

“ಇರೂದಿಲ್ಲೇನು ಮತ್ತ,” ಎಂದು ದಾವಲಬಿ ಬೇರೆ ಕಡೆ ನೋಡಿದಳು.

ಮಧ್ಯಾಹ್ನದ ಹೊತ್ತಿಗೆ ಓಣಿ ಎರಡು ಪಾಲಾಗಿತ್ತು. ಅರ್ಧ ಜನ ಅವನ ಬಾಯಿಂದ ಪಣದ ಮಾತು ಹೊರಡಿಸಲು ಸಾಲುಗಟ್ಟಿ ಬಂದರು. ಜೋಕಾಲಿಯ ಹಗ್ಗ ಹರಿಯುತ್ತದೋ ಇಲ್ಲವೋ, ಮುಂದೆ ಬರುವ ಎಮ್ಮೆ ಎಡಕ್ಕೆ ತಿರುಗುತ್ತದೋ ಬಲಕ್ಕೋ. ಇನ್ನರ್ಧ ಜನ ಅವನ ಸುತ್ತ ಗೋಡೆ ಕಟ್ಟಿದರು. ಒಬ್ಬರು ಮಜ್ಜಿಗೆ ತಂದರು, ಒಬ್ಬರು ಮಡಿಲಿಗೆ ಶೇಂಗಾ ಉಂಡಿ ಹಾಕಿದರು, ಒಬ್ಬರು ಬೀಸಣಿಗೆ ಬೀಸಿದರು. ಆರು ವರ್ಷ ತನ್ನನ್ನು ಮಾತಾಡಿಸದವರೂ ತಲೆ ಸವರಿ, “ತಡಕೋಪಾ, ಇನ್ನು ಆರು ತಾಸು,” ಎಂದರು. ಎದುರಿನವನ ರೆಪ್ಪೆ ಅಲುಗಿದರೆ ಅವನ ಕೈಯ ಎಲೆ ಹೇಳುವ ಗುರುಪಾದ ಅಂದು ಇಡೀ ಓಣಿಯ ಮುಖ ಓದಲಿಲ್ಲ. ಪ್ರೀತಿ ಎಂದುಕೊಂಡ. ಅವನ ತಪ್ಪಾದರೂ ಏನು, ಪ್ರೀತಿಯೂ ಹಾಗೆಯೇ ಕಾಣುತ್ತದೆ.

ನಾಲ್ಕಕ್ಕೆ ಮೋಡ ಕವಿಯಿತು. ಮಾಸ್ತರರು ಆಕಾಶ ನೋಡಿ, ಯಾರಿಗೋ ಎಂಬಂತೆ, “ಇವತ್ತ ಮಳಿ ಆಗೂದಿಲ್ಲ ಬಿಡ್ರಿ,” ಎಂದರು.

ಸುಳ್ಳು ಮಾತನ್ನು ಕೇಳಿಸಿಕೊಂಡು ಸುಮ್ಮನಿರುವುದು ಗುರುಪಾದನಿಂದ ಆಗದು. “ಅರ್ಧಾ ತಾಸಿನ್ಯಾಗ ಆಗತೈತ್ರಿ ಮಾಸ್ತರ್ರ. ಬೇಕಾರ...”

ಜೋಕಾಲಿ ನಿಂತಿತು. ಎಮ್ಮೆ ಕೂಡ ನಿಂತಿತು. ದುರ್ಗೇಶನ ಕೈಯ ಲಿಂಬಿಹಣ್ಣು ಕೈಯಲ್ಲೇ ಉಳಿಯಿತು. ‘ಪಣಾ ಕಟ್ಟರಿ’ ಎಂಬ ಎರಡು ಶಬ್ದ ನಾಲಿಗೆಯ ತುದಿಗೆ ಬಂದು ಕುಳಿತಿದ್ದವು. ಗುರುಪಾದ ಬೆವೆತುಹೋದ. ಮಡಿಲಲ್ಲಿದ್ದ ದೊಡ್ಡ ಶೇಂಗಾ ಉಂಡಿಯನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ.

“ಬೇಕಾರ ಏನೋ ತಮ್ಮಾ? ಹೇಳಲಾ, ಬೇಕಾರ ಏನು?” ಮಾಸ್ತರರು ಹತ್ತಿರ ಬಂದು ಬಗ್ಗಿದರು.

ಉಂಡಿ ಗಂಟಲಲ್ಲಿ ಸಿಕ್ಕಿತು. ಕಣ್ಣು ಮೇಲೆ ಹೋದವು. ದಾವಲಬಿ ಬೆನ್ನಿಗೆ ಗುದ್ದಿದಳು, ಶಿವಬಸವ್ವ ನೀರು ತಂದು ಕುಡಿಸಿದಳು. ಎಲ್ಲ ಇಳಿದ ಮೇಲೆ ಅವನು ಸಣ್ಣ ದನಿಯಲ್ಲಿ ಮಾತು ಮುಗಿಸಿದ.

“ಬೇಕಾರ... ನಮ್ಮ ಮನಿ ಛತ್ರಿ ತಗೊಂಡು ಹೋಗ್ರಿ.”

ಅರ್ಧ ತಾಸಿಗೆ ಸರಿಯಾಗಿ ಮಳೆ ಬಂತು. ಮಾಸ್ತರರು ಛತ್ರಿ ಮುಟ್ಟಲಿಲ್ಲ.

ಮಳೆ ನಿಂತು ಹೊತ್ತು ಮುಳುಗಿದ ಮೇಲೆ ಮೂಲೆಮನೆಯ ಜಗುಲಿಯಲ್ಲಿ ಐಶ್ವರ್ಯಾ ದೀಪ ಹಚ್ಚಿದಳು. ಅರ್ಧ ಓಣಿ ಕೇಕೆ ಹಾಕಿತು. ದಾವಲಬಿ ಅವನ ಕೆನ್ನೆ ಸವರಿ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಮುರುಗೆಪ್ಪ ಬಂದು ಅವನನ್ನು ಅಪ್ಪಿಕೊಂಡ, ಅದೂ ಓಣಿಯ ನಡುವೆ. ಗುರುಪಾದನ ಕಣ್ಣು ಒದ್ದೆಯಾದವು.

“ಮಾವಾರ,” ಎಂದ, ಮೊದಲ ಸಲ. “ಈ ಓಣಿ ಮಂದಿ ನನ್ನ ಮ್ಯಾಲೆ ಇಷ್ಟು ಜೀವಾ ಇಟ್ಟಾರಂತ ನನಗ ಗೊತ್ತ ಇರಲಿಲ್ರಿ.”

ಅಷ್ಟರಲ್ಲಿ ದುರ್ಗೇಶನ ಆಟೋ ಬಂದು ಮುರುಗೆಪ್ಪನ ಬಾಗಿಲಿಗೆ ನಿಂತಿತು. ಒಳಗೆ ಐದು ಚೀಲ ಬಿಳಿಜೋಳ. ಹಿಂದೆಯೇ ಮಾಸ್ತರರು, ಮುಖ ಸಣ್ಣ ಮಾಡಿಕೊಂಡು.

“ತಗೋರಿ ಸಾವ್ಕಾರ್ರ, ನಮ್ಮ ರಾಯಾಪುರದ ಹೊಲದ್ದು. ಗೆದ್ರಿ ನೀವು. ಮಧ್ಯಾಹ್ನದೊಳಗ ಹುಡಗಾ ಜಾರತಾನಂತ ಮಾಡಿದ್ದೆ.”

ದುರ್ಗೇಶ ಇಪ್ಪತ್ತು ಕೊಬ್ಬರಿ ಬಟ್ಟಲನ್ನು ಎಣಿಸಿ ದಾವಲಬಿಯ ಸೆರಗಿಗೆ ಹಾಕಿದ. ಮಜ್ಜಿಗೆ ಕೊಟ್ಟವರು, ಬೀಸಣಿಗೆ ಬೀಸಿದವರು, ತಲೆ ಸವರಿದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಗೆಲುವು ಪಡೆಯಲು ಮುಂದೆ ಬಂದರು. ಗುರುಪಾದ ನಿಧಾನವಾಗಿ ಅವ್ವನ ಕಡೆ ತಿರುಗಿದ. ಶಿವಬಸವ್ವನ ಮಡಿಲಲ್ಲೂ ಕೊಬ್ಬರಿ ಇತ್ತು.

“ಯವ್ವಾ, ನೀ ಯಾವ ಕಡೆ ಕಟ್ಟಿದ್ದಿ?”

“ಎರಡೂ ಕಡೆ ಕಟ್ಟಿದ್ನೆಪಾ. ಮಗಾ ಸೋತ್ರೂ ಮನ್ಯಾಗ ಕೊಬ್ಬರಿ ಇರಲೆಂತ.”

ಮುರುಗೆಪ್ಪ ಅವನನ್ನು ಪಕ್ಕಕ್ಕೆ ಕರೆದ. ಐವತ್ತೆಂಟರ ಮನುಷ್ಯನ ಮುಖದಲ್ಲಿ ಹದಿನೆಂಟರ ಹೊಳಪಿತ್ತು. “ತಪ್ಪು ತಿಳೀಬ್ಯಾಡ. ಮಾಸ್ತರ ನೀ ತಡಿಯೂದಿಲ್ಲ ಅಂದಾ. ನಮ್ಮ ಹುಡಗಗ ಹಂಗಂದ್ರ ನಾ ಸುಮ್ಮನಿರಲೇನು? ತಡೀತಾನ ಅಂದೆ. ಐದು ಚೀಲಾ ಅಂದೆ.”

ನಮ್ಮ ಹುಡುಗ ಎಂಬ ಮಾತು ಕೇಳಿ ಗುರುಪಾದನ ಸಿಟ್ಟೆಲ್ಲ ಇಳಿದುಹೋಯಿತು. “ಹಂಗಾರ ನಾಳೆ ಸಕ್ಕರಿ ಹಂಚೂದ್ರಿ?”

“ಅದನ್ನ ಹೇಳಾಕ ಕರದೆ.” ಮುರುಗೆಪ್ಪ ಗಂಟಲು ಸರಿಮಾಡಿಕೊಂಡ. “ಮುಂದಿನ ಪಂಚಮಿಗೆ ಹತ್ತು ಚೀಲಾ ಅಂತಾನ ಮಾಸ್ತರ. ಆದ್ರ ಲಗ್ನ ಆದಮ್ಯಾಲೆ ನೀ ಯಾರಿಗಂಜಿ ತಡಕೋತಿ? ಅದಕ್ಕ ಹುಡಗಾ ಹಿಂಗ ಇರಬೇಕು, ಲಗ್ನ ಆಗಿರಬಾರದು ಅಂತ ನಾನ ಶರತ್ತು ಹಾಕೇನಿ. ಮಾಸ್ತರನೂ ಹೂಂ ಅಂದುಬಿಟ್ಟಾ. ಒಂದು ವರ್ಷದ ಮಾತು.”

“ಸಾವ್ಕಾರ್ರ,” ಎಂದ ಗುರುಪಾದ. ಮಾವ ಎಂಬ ಶಬ್ದ ಬಂದ ದಾರಿಯಲ್ಲೇ ವಾಪಸು ಹೋಗಿತ್ತು. “ಇದು ಜೂಜು ಅಲ್ಲೇನ್ರಿ?”

“ಛೆ, ಹಬ್ಬದ ಪದ್ಧತಿ,” ಎಂದು ಮುರುಗೆಪ್ಪ ಜೋಳದ ಚೀಲಗಳ ಕಡೆ ಓಡಿದ.

ಜೋಕಾಲಿಯ ಹತ್ತಿರ ಐಶ್ವರ್ಯಾ ಕೈಯಲ್ಲಿ ಒಂದು ಎಳ್ಳುಂಡಿ ಹಿಡಿದು ನಿಂತಿದ್ದಳು. ಅಪ್ಪನ ಮಾತು ಅವಳಿಗೂ ಕೇಳಿಸಿತ್ತು.

“ಒಂದ ವರ್ಷ ಅಲ್ಲೇನು, ಕಾಯೂನು,” ಎಂದ ಗುರುಪಾದ, ಧೈರ್ಯ ತಂದುಕೊಂಡು. “ಕಾಯೂದು ನನಗೇನು ಹೊಸಾದಲ್ಲ.”

“ಕಾದ ಮ್ಯಾಲೆ? ಮುಂದಿನ ಪಂಚಮಿಗೆ ನೀವು ತಡಕೊಂಡ್ರ ಅಪ್ಪಾ ಮತ್ತ ಗೆಲ್ತಾರ. ಗೆದ್ರ ಏನು ಮಾಡ್ತಾರ?”

“ಅದರ ಮುಂದಿನ ಪಂಚಮಿಗೆ ಇಪ್ಪತ್ತು ಚೀಲಾ.”

“ತಡಕೊಳ್ಳದ ಪಣಾ ಕಟ್ಟಿದ್ರ?”

“ಶರತ್ತು ಮುರೀತು. ನಿನ್ನ ಕೊಡೂದಿಲ್ಲ.”

ಗುರುಪಾದ ಜೋಕಾಲಿಯ ಮಣೆಯ ಮೇಲೆ ಕುಸಿದ. ಸಾವಿರಾರು ಆಟ ನೋಡಿದ್ದ. ಆಡಿದರೂ ಸೋಲು, ಒಲ್ಲೆ ಎಂದರೂ ಸೋಲು ಎಂಬ ಆಟಕ್ಕೆ ಕುಳಿತದ್ದು ಇದೇ ಮೊದಲು.

ಐಶ್ವರ್ಯಾ ಮಾತ್ರ ನಗುತ್ತಿದ್ದಳು. “ಗಣಿತಾ ಕಲಸೂಕಿ ಇದ್ದೇನ್ರಿ ನಾನು. ಇವತ್ತ ಮುಂಜಾನಿತನಕಾ ನೀವು ಅಪ್ಪಗ ಜೂಜುಕೋರ. ಸಂಜೀಕ ನಮ್ಮ ಹುಡಗಾ ಆಗೀರಿ. ಉಳದ ಲೆಕ್ಕಾ ನನಗ ಬಿಡ್ರಿ. ಬರೂ ಪಂಚಮಿ ಒಳಗ ನಮ್ಮ ಲಗ್ನಾ ಮಾಡಿಸ್ತೀನಿ.” ಉಂಡಿಯನ್ನು ಎರಡು ಹೋಳು ಮಾಡಿ ಒಂದನ್ನು ಅವನಿಗೆ ಕೊಟ್ಟಳು. “ನಂಬಿಕಿ ಇಲ್ಲಂದ್ರ ಬೇಕಾರ ಪಣಾ ಕಟ್ಟರಿ.”

ದೀಪ ಹಚ್ಚಿ ಆಗಿತ್ತು, ಅವನನ್ನು ತಡೆಯುವ ಶರತ್ತು ಯಾವುದೂ ಉಳಿದಿರಲಿಲ್ಲ. ಗುರುಪಾದ ಉತ್ತರ ಕೊಡಲು ಬಾಯಿ ತೆರೆದ. ಆಮೇಲೆ ಸುಮ್ಮನೆ ಉಂಡಿಯ ಹೋಳನ್ನು ಬಾಯಿಗೆ ಹಾಕಿಕೊಂಡ.