ಲೈನ್ ಲಾಸ್ ಯಾರ ಪಾಲಿಗೆ?

ಲಾಭ ಹಂಚೋಕೆ ಕೂತರೆ ಜಗಳ ಅಂತಾರೆ. ನಷ್ಟ ಹಂಚೋಕೆ ಕೂತು ನೋಡಿ, ಜಗಳದ ಜೊತೆ ನಗುವೂ ಬಿಟ್ಟಿ. ತೊಂಬತ್ತರ ದಶಕದ ಕೊನೆಗೆ ಸಕಲೇಶಪುರದಲ್ಲಿ ಕರೆಂಟ್ ಇಲಾಖೆಯ ಸೆಕ್ಷನ್ ಆಫೀಸರ್ ಆಗಿದ್ದ ನನ್ನ ಹಣೆಗೆ ಆ ಭಾಗ್ಯ ಅಂಟಿಕೊಂಡಿತು. ಪಾಳ್ಯದ ಕಡೆಯಿಂದ ವನಗೂರಿಗೆ ಬೆಟ್ಟ ಹತ್ತುವ ಒಂದೇ ಲೈನು. ಅರ್ಧ ಕರೆಂಟ್ ದಾರಿಯಲ್ಲೇ ಕರಗಿಹೋಗೋದು. ಇದಕ್ಕೇ ನಮ್ಮ ಇಲಾಖೆಯವರು ಲೈನ್ ಲಾಸ್ ಅನ್ನೋದು. "ಈ ನಷ್ಟ ಯಾರ ಪಾಲಿಗೆ ಅಂತ ಎರಡೂ ಊರಿನವರನ್ನ ಅವರವರಲ್ಲೇ ಒಪ್ಪಿಸಿ. ಪಾಲು ಬಿದ್ದವರಿಗೆ ಸಂಜೆ ಕಟ್. ಒಪ್ಪದಿದ್ದರೆ ಇಬ್ಬರಿಗೂ ಕಟ್" ಅಂದರು ಮೇಲಧಿಕಾರಿ. ಅದೋ ಕಾಫಿ ಕುಯ್ಲಿನ ಕಾಲ. ಸಿಪ್ಪೆ ಸುಲಿಯೋ ಪಲ್ಪರ್ ಮಿಷನ್ನು ನಿಂತರೆ ವನಗೂರಿನ ಕಾಫಿ ಹಣ್ಣು ಹಾಳು. ಪಾಳ್ಯದ ಅಕ್ಕಿ ಮಿಲ್ಲಿನ ಮುಂದೆ ಹೊಸ ಭತ್ತದ ರಾಶಿ. ಮಧ್ಯೆ ನಾನು, ಅಡಕತ್ತರಿಗೆ ಸಿಕ್ಕ ಅಡಿಕೆ.

೧. ಮೇಲಿನ ಲೈನು

ವನಗೂರಿನ ಗೌಡರ ಎಸ್ಟೇಟಿನಲ್ಲಿ ಲೆಕ್ಕ ಬರೆಯೋ ರೈಟರಿಗೆ ಜೀಪಿನಿಂದಲೇ ಹೇಳಿದೆ, "ಲೈನಲ್ಲಿ ಲಾಸ್ ಜಾಸ್ತಿ ಐತೆ, ಗೌಡ್ರಿಗೆ ಹೇಳಪ್ಪ."

ಎಸ್ಟೇಟಿನಲ್ಲಿ ಲೈನ್ ಅಂದರೆ ಆಳುಗಳ ಮನೆಸಾಲು ಅನ್ನೋದು ನನಗೆ ಹೊಳೆಯಲೇ ಇಲ್ಲ. ಪುಣ್ಯಾತ್ಮ ನೆಟ್ಟಗೆ ಅಲ್ಲಿಗೇ ಹೋಗಿ, ಕರೆಂಟ್ ಕದೀತೀರಾ ಅಂತ ಎಲ್ಲರಿಗೂ ಬೈದುಬಿಟ್ಟ. ಮರುದಿನ ನಾನು ಹೋದರೆ ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ದಾರಿಗೆ ಅಡ್ಡ ನಿಂತಳು.

"ಇರೋದೊಂದು ಬಲ್ಬು, ಅದೂ ಉರುದ್ರೆ ಉರೀತು. ಅದ್ರಿಂದ ನಿಮ್ಗೆ ಲಾಸ್ ಆಗೋಯ್ತಾ ಸಾಮಿ?"

"ಈ ಲೈನ್ ಅಲ್ಲ ಕಣವ್ವ, ಮೇಲಿನ ಲೈನು!" ಅಂತ ತಂತಿಯ ಕಡೆ ಕೈ ತೋರಿಸಿದೆ. ತಂತಿಯ ಹಿಂದೆ, ಗುಡ್ಡದ ಮೇಲೆ, ಇನ್ನೊಂದು ಮನೆಸಾಲು.

ಆಕೆ ಚಪ್ಪಾಳೆ ತಟ್ಟಿ ಕೂಗಿದಳು: "ಕೇಳುಸ್ಕಂಡ್ರೇನ್ರೇ? ನಾನವತ್ತೇ ಹೇಳ್ಲಿಲ್ವಾ, ಮೇಲಿನ ಲೈನೋರೇ ಕಳ್ರು ಅಂತ!"

೨. ಕಾಗೆ

ಪಾಳ್ಯದ ಮಿಲ್ ಸಾಹೇಬರು ತಾಳ್ಮೆಯ ಮನುಷ್ಯ. "ಕಳ್ಳತನ ಇಲ್ಲ ಅಂತೀರಿ. ಮತ್ತೆ ಕರೆಂಟ್ ಎಲ್ಲೋಗ್ತದೆ ಸಾರ್?"

"ತಂತಿ ಬಿಸಿಯಾಗಿ ಹೋಗುತ್ತೆ ಸಾಹೇಬ್ರೇ."

ಅವರು ತಲೆಯೆತ್ತಿ ತಂತಿಯನ್ನೇ ನೋಡಿದರು. "ಹಂಗಾದ್ರೆ ಅದ್ರ ಮೇಲೆ ಕೂತಿರೋ ಆ ಕಾಗೆ ಯಾಕೆ ಕುಣೀತಿಲ್ಲ?"

ನಾನು ಓದಿದ ಡಿಪ್ಲೊಮಾದಲ್ಲಿ ಕಾಗೆಯ ಪಾಠ ಇರಲಿಲ್ಲ.

೩. ನೀವು ಮೊದಲು

ಕೊನೆಗೆ ಒಂದು ಸಂಜೆ ಗೌಡರನ್ನೂ ಸಾಹೇಬರನ್ನೂ ಆಫೀಸಿಗೆ ಕರೆಸಿ ಕೂರಿಸಿದೆ.

"ಕರೆಂಟ್ ಸೋರೋದು ಪಾಳ್ಯದ ಗದ್ದೆ ಮೇಲೆ. ನಮ್ಮನೆ ಮುಟ್ಟೋ ಹೊತ್ಗೆ ಬಲ್ಬು ಮಿಣುಕುಹುಳ ಕಣ್ರೀ. ನಷ್ಟ ಅವರದ್ದು," ಅಂದರು ಗೌಡರು.

"ಅಷ್ಟೆತ್ತರಕ್ಕೆ ತಂತಿ ಎಳೆಸಿದ್ದು ಯಾರು? ಬೆಟ್ಟ ಇಳಿದು ಬಂದ್ಬುಡಿ ಗೌಡ್ರೇ, ನಷ್ಟಾನೇ ಇಲ್ಲ!" ಅಂದರು ಸಾಹೇಬರು.

ಇಬ್ಬರ ಮಾತೂ ಸರಿ. ಅದೇ ನನ್ನ ಕರ್ಮ! ತಲೆ ಕೆಟ್ಟು ಕೂಗಿದೆ: "ಲೆಕ್ಕಾನೇ ಬೇಡ ಮಾರಾಯ್ರೇ! ಕತ್ತಲೆ ಹಂಚ್ಕೊಳ್ಳಿ. ಒಂದು ಸಂಜೆ ಅವರಿಗೆ, ಒಂದು ಸಂಜೆ ಇವರಿಗೆ."

ಇಬ್ಬರೂ ತಲೆಯಾಡಿಸಿದರು. ಹೋದ ಜೀವ ಬಂದಂತಾಗಿ, "ಮೊದಲು ಯಾರು?" ಅಂದೆ. ತಗೊಳ್ಳಿ, ಅಲ್ಲೀವರೆಗೆ ಇಲ್ಲದ ಮರ್ಯಾದೆ ಉಕ್ಕಿಬಂತು.

"ಸಾಹೇಬ್ರು ಹಿರೀಕರು. ಅವರೇ ಮೊದಲು."

"ಛೆ ಛೆ, ಗೌಡ್ರು ಇರುವಾಗ ನಾನಾ? ಅವರೇ ಮೊದಲು."

"ಎಲ್ಲಾದ್ರೂ ಉಂಟಾ? ನೀವು..."

ಅಷ್ಟರಲ್ಲಿ ಆಫೀಸಿನ ಕರೆಂಟೇ ಹೋಗ್ಬುಡ್ತು. ನಾನು ಬೆಂಕಿಪೊಟ್ಟಣಕ್ಕೆ ಮೇಜೆಲ್ಲ ತಡಕಾಡುತ್ತಿದ್ದರೆ, ಕತ್ತಲೆಯಲ್ಲಿ ಗೌಡರ ದನಿ:

"ಸಾರ್, ನೀವೇ ಮೊದಲು ಅಂತ ಆಯ್ತಲ್ಲ. ನಂದು ಒಪ್ಪಿಗೆ!"

"ನಂದೂ!" ಅಂದರು ಸಾಹೇಬರು.