ಪುಕ್ಕಟೆ ತಾಲೀಮಿಗೆ ಅರ್ಧ ರಿಯಾಯಿತಿ

ರಿಯಾಯಿತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನ್ನ ಕಾಲುಗಳು ಮುಂದೆ ಹೋಗುತ್ತವೆ, ಬುದ್ಧಿ ಮಾತ್ರ ಹಿಂದೆಯೇ ನಿಂತಿರುತ್ತದೆ. ಇದು ನನ್ನ ಹುಟ್ಟುಗುಣ. ಬೇಡದ ವಸ್ತುವನ್ನು ಅರ್ಧ ಬೆಲೆಗೆ ತಂದು ಅರ್ಧ ಹಣ ಉಳಿಯಿತೆಂದು ನಾನು, ಅರ್ಧ ಹಣ ಹಾಳಾಯಿತೆಂದು ನನ್ನ ಹೆಂಡತಿ ಸುಶೀಲೆ, ಮದುವೆಯಾದಂದಿನಿಂದ ವಾದಿಸುತ್ತ ಬಂದಿದ್ದೇವೆ. ಒಮ್ಮೆ ಮಳೆಗಾಲ ಮುಗಿದ ಮೇಲೆ ಮೂರು ಛತ್ರಿ ತಂದಿದ್ದೆ. ಮನೆಯಲ್ಲಿ ಇರುವವರು ಇಬ್ಬರೇ, ಮೂರನೆಯದು ಯಾರಿಗೆ ಎಂದು ಅವಳು ಕೇಳಿದಾಗ, "ಎರಡು ತಗೊಂಡ್ರ ರಿಯಾಯಿತಿ ಇರಲಿಲ್ಲ" ಎಂದೆ. ಮರುದಿನದಿಂದ ಅವಳು ಮೂರೂ ಛತ್ರಿಗಳನ್ನು ನಾನು ಊಟಕ್ಕೆ ಕೂರುವ ಜಾಗದ ಎದುರಿನ ಗೂಟಕ್ಕೇ ನೇತುಹಾಕತೊಡಗಿದಳು. ಇಂಥ ಮನುಷ್ಯನಿಗೆ ವ್ಯಾಯಾಮದಲ್ಲೂ ರಿಯಾಯಿತಿ ಸಿಗುತ್ತದೆ ಎಂದು ಯಾರಾದರೂ ಹೇಳಬಾರದಿತ್ತು.

ಹೇಳಿದವನು ಸುಶೀಲೆಯ ತಮ್ಮ ವಸಂತ. ಅವನಿಗೆ ಖಾನಾಪುರದಲ್ಲಿ ಸೈಕಲ್ ಅಂಗಡಿ. ಪಂಕ್ಚರ್ ಹಾಕುವುದರ ನಡುವೆ ಲಾಟರಿ ಚೀಟಿ, ಉದುಬತ್ತಿ, ಮದುವೆಯ ಮಂಟಪದ ಬಾಡಿಗೆ, ಎಲ್ಲವನ್ನೂ ಒಂದೊಂದು ವರ್ಷ ಮಾಡಿ ಬಿಟ್ಟಿದ್ದ. ಎಂಬತ್ತರ ದಶಕದ ಆ ವರ್ಷ ಅವನು ಯಾವುದೋ ಖಾಸಗಿ ಆರೋಗ್ಯ ನಿಧಿಯ ಏಜೆಂಟನಾಗಿದ್ದ. ವರ್ಷಕ್ಕಿಷ್ಟು ಎಂದು ಹಣ ಕಟ್ಟಿದರೆ ಒಂದು ಹಸಿರು ಕಾರ್ಡು ಕೊಡುತ್ತಾರೆ, ಆಸ್ಪತ್ರೆಗೆ ಸೇರಿದರೆ ಖರ್ಚು ಅವರದು. ಅಕ್ಕನ ಗಂಡನಾದ ನನ್ನನ್ನು ಅವನು ಮರಾಠಿ ರೂಢಿಯಂತೆ ದಾಜಿ ಎಂದು ಕರೆಯುತ್ತಾನೆ. "ದಾಜಿ, ಖರೇ ಹೇಳ್ತೀನಿ, ಆರು ತಿಂಗಳ ಆದಮ್ಯಾಲ ಅಕ್ಕನ ಆಪರೇಶನ್ ಖರ್ಚ ಪೂರಾ ಅವರದ. ಮ್ಯಾಲ ನಿಮಗ ವ್ಯಾಯಾಮಶಾಲಿ ಫೀದಾಗ ಅರ್ಧ ರಿಯಾಯಿತಿ" ಎಂದ.

ಅಕ್ಕನ ಆಪರೇಶನ್ ಎಂದದ್ದು ತಮಾಷೆಗಲ್ಲ. ಸುಶೀಲೆಯ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ನೋವು ಬಂದಾಗ ಅವಳು ಅಡುಗೆಮನೆಯ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು, ಕರೆದರೂ ತಿರುಗುತ್ತಿರಲಿಲ್ಲ. ವರ್ಷದೊಳಗೆ ತೆಗೆಸಿಬಿಡಿ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ನಾನು ಅದೇ ಊರಿನ ರವಿವಾರ ಪೇಟೆಯ ಸಗಟು ಕಿರಾಣಿ ಅಂಗಡಿಯೊಂದರಲ್ಲಿ ಗುಮಾಸ್ತ. ಬೆಳಗ್ಗೆ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ಸಂಜೆಯೇ ಏಳುವುದು. ಆ ಗಾದಿಯ ಸಂಬಳದಲ್ಲಿ ಆಪರೇಶನ್ ಮಾಡಿಸುವುದು ನನ್ನಿಂದ ಆಗದ ಮಾತು ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದ್ದರಿಂದ ಆ ಹಸಿರು ಕಾರ್ಡು ನಮಗೆ ಬೇಕೇ ಬೇಕಾಗಿತ್ತು.

ತಪಾಸಣೆಗೆಂದು ಒಂದು ರವಿವಾರ ಇಬ್ಬರೂ ಲೋಂಡಾ ಕಡೆಯ ಪ್ಯಾಸೆಂಜರ್ ಹಿಡಿದು ಖಾನಾಪುರಕ್ಕೆ ಹೋದೆವು. ನಿಧಿಯ ಡಾಕ್ಟರು ವಯಸ್ಸಾದವರು, ದರ್ಜಿಯ ಟೇಪು ಹಿಡಿದು ನನ್ನ ಎದೆಯನ್ನೂ ಹೊಟ್ಟೆಯನ್ನೂ ಅಳೆದರು. ರೋಗವಿದ್ದ ಸುಶೀಲೆಯನ್ನು ಬಿಟ್ಟು ರೋಗವಿಲ್ಲದ ನನ್ನನ್ನೇಕೆ ಅಳೆಯುತ್ತಾರೋ ತಿಳಿಯಲಿಲ್ಲ. "ಎದಿ ಮೂವತ್ತಾರು. ಹೊಟ್ಟಿ ಮೂವತ್ತೇಳೂವರಿ" ಎಂದು ಬರೆದುಕೊಂಡು, "ಯಜಮಾನನ ಹೆಸರಿನ ಮ್ಯಾಲ ಕಾರ್ಡ್ ಇರತೈತ್ರಿ. ಯಜಮಾನನ ಹೊಟ್ಟಿ ಎದಿ ದಾಟಬಾರದು, ನಿಯಮ ಐತಿ. ಆರು ತಿಂಗಳ ವ್ಯಾಯಾಮ ಮಾಡಿ ಬರ್ರಿ. ತಿಂಗಳಾ ಫೀ ಕೊಟ್ಟ ಪಾವತಿ ಚೀಟಿ ಕಳಸ್ರಿ, ಅರ್ಧ ಫೀ ತಿರುಗಿ ಬರತೈತಿ. ಆರು ತಿಂಗಳಿಗೆ ಹೊಟ್ಟಿ ಎದಿಗಿಂತ ಕಡಿಮಿ ಆಗಿದ್ರ ಇಬ್ಬರ ಕಾರ್ಡೂ ಕಾಯಂ, ಇಲ್ಲಾಂದ್ರ ರದ್ದು" ಎಂದರು. ಹೆಂಡತಿಯ ಹೊಟ್ಟೆಯೊಳಗಿನ ಕಲ್ಲಿಗೂ ನನ್ನ ಹೊಟ್ಟೆಯ ಹೊರಗಿನ ಸುತ್ತಳತೆಗೂ ಹೀಗೆ ಗಂಟುಬಿತ್ತು. ರೈಲಿನಲ್ಲಿ ಮರಳುವಾಗ ಸುಶೀಲೆ ನನ್ನ ಅಂಗಿಯ ಗುಂಡಿಗಳನ್ನೇ ನೋಡುತ್ತ ಕೂತಿದ್ದಳು. ನಾನು ಉಸಿರು ಒಳಗೆಳೆದುಕೊಂಡು ದೇಸೂರು ಸ್ಟೇಶನ್ನಿನವರೆಗೂ ತಡೆದೆ.

ಊರಿನ ಕ್ಯಾಂಪ್ ಬಡಾವಣೆಯ ಕಡೆ ಕನ್ನಡಿ, ಕಬ್ಬಿಣದ ಯಂತ್ರಗಳಿದ್ದ ಹೊಸ ವ್ಯಾಯಾಮಶಾಲೆಯೊಂದಿತ್ತು. ಅಲ್ಲಿಯ ಫೀಯನ್ನು ಅರ್ಧ ಮಾಡಿದರೂ ಅದು ನನ್ನ ಮನೆಬಾಡಿಗೆಗೆ ಸಮನಾಗುತ್ತಿತ್ತು. ಆದರೆ ನಾವಿದ್ದ ವಡಗಾವಿಯ ಓಣಿಯಲ್ಲೇ, ಮಗ್ಗಗಳ ಸದ್ದಿನ ನಡುವೆ, ಒಂದು ತಾಲೀಮು ಇತ್ತು. ಕುಸ್ತಿಯ ಗರಡಿಗೆ ನಮ್ಮ ಕಡೆ ತಾಲೀಮು ಎನ್ನುತ್ತಾರೆ, ಅಲ್ಲಿ ಕಲಿಸುವವರಿಗೆ ವಸ್ತಾದ. ಈ ತಾಲೀಮಿನ ವಸ್ತಾದ ಹಸನಸಾಬ ಹಗಲೆಲ್ಲ ಸೀರೆ ನೇಯುವ ಅರವತ್ತು ದಾಟಿದ ನೇಕಾರ. ಮೈಯಲ್ಲಿ ಮಾಂಸವೆಂಬುದೇ ಕಾಣದ, ಬಾಗಿಲಿಗೆ ಒರಗಿ ನಿಂತರೆ ಬಾಗಿಲ ಚೌಕಟ್ಟಿನೊಂದಿಗೆ ಬೆರೆತುಹೋಗುವಂಥ ಆಳು. ನಾನು ಹೋದಾಗ, "ಬರ್ರಿ ಗುಮಾಸ್ತರ, ಕುಂದರ್ರಿ" ಎಂದರು. ವಿಷಯ ಹೇಳಿ, ತಿಂಗಳಿಗೆ ಫೀ ಎಷ್ಟು ಎಂದು ಕೇಳಿದೆ.

"ಎದರ ಫೀ?"

"ಸಾಮು ತಗೀಲಿಕ್ಕ."

"ಮಣ್ಣಿಗ ಯಾರರ ಫೀ ಕೊಡತಾರೇನ್ರಿ? ಮುಂಜಾನೆ ಬಂದು ಸಲಿಕಿ ಹಿಡದು ಅಖಾಡದ ಮಣ್ಣ ತಿರುವ್ರಿ. ಅದ ಫೀ."

ಸಂತೋಷಪಡಬೇಕಾದವನು ನಾನು. ಆದರೆ ನಾನು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಫೀ ಇಲ್ಲದಿದ್ದರೆ ಪಾವತಿ ಇಲ್ಲ. ಪಾವತಿ ಇಲ್ಲದಿದ್ದರೆ ನಾನು ವ್ಯಾಯಾಮ ಮಾಡಿದ್ದಕ್ಕೆ ಸಾಕ್ಷಿ ಇಲ್ಲ, ಸಾಕ್ಷಿ ಇಲ್ಲದಿದ್ದರೆ ಕಾರ್ಡಿಲ್ಲ. ಅಲ್ಲದೆ, ನಿಜ ಹೇಳಿಬಿಡುತ್ತೇನೆ, ಅರ್ಧ ರಿಯಾಯಿತಿಯೂ ಇಲ್ಲ. ಪುಕ್ಕಟೆ ಸಿಗುವುದರಲ್ಲಿ ರಿಯಾಯಿತಿಯ ರುಚಿ ಎಲ್ಲಿಂದ ಬರಬೇಕು. "ಫೀ ತಗೊಂಡೀನಂತ ಒಂದ ಚೀಟಿ ಬರದ ಕೊಡ್ರಿ ಸಾಕು" ಎಂದು ಕೇಳಿಕೊಂಡೆ. ಹಸನಸಾಬರ ಮುಖ ಕೆಂಪಾಯಿತು. "ತಗೋಳಾರದ ರೊಕ್ಕಾ ತಗೊಂಡೀನಂತ ಬರೀಲೇನು? ಮೂವತ್ತು ವರ್ಷ ಆತು ಈ ಮಣ್ಣಿನಾಗ ನಿಂತು. ಅಂಥಾ ಮಾತ ಇಲ್ಲಿ ಆಡಬ್ಯಾಡ್ರಿ" ಎಂದು ಪಕ್ಕದಲ್ಲೇ ಇದ್ದ ತಮ್ಮ ಮಗ್ಗದ ಕಡೆ ತಿರುಗಿದರು. ನಾನು ಮನೆಗೆ ಬಂದು ಸುಶೀಲೆಗೆ ಹೇಳಿದಾಗ, "ಹಂಗಾರ ಖರೇನ ಕೊಟ್ಟ ಬಿಡ್ರಿ" ಎಂದಳು. ಇಷ್ಟು ಸರಳವಾದದ್ದು ನನಗೆ ಹೊಳೆಯದೆ ಇದ್ದದ್ದಕ್ಕೆ ಮತ್ತಷ್ಟು ಸಿಟ್ಟು ಬಂತು.

ಮರುದಿನ ಇಪ್ಪತ್ತು ರೂಪಾಯಿ ತೆಗೆದುಕೊಂಡು ಹೋಗಿ ಅವರ ಮುಂದಿಟ್ಟೆ. ಹಸನಸಾಬ ನೋಟನ್ನೂ ನನ್ನನ್ನೂ ನೋಡಿದರು. ಆಮೇಲೆ ಅವರ ಮುಖ ಅರಳಿತು. "ಖುರಾಕಿಗೆ ಅನ್ರಿ ಮತ್ತ. ನಿನ್ನೆನ ಹೇಳಬೇಕಿಲ್ಲೇನು?" ಎಂದು ನೋಟನ್ನು ಕಣ್ಣಿಗೊತ್ತಿಕೊಂಡರು. ನಾನೂ ನಕ್ಕು ತಲೆಯಾಡಿಸಿದೆ. ಆ ತಲೆಯಾಡಿಸಿದ್ದೇ ತಪ್ಪಾಯಿತು. ತಾಲೀಮಿನಲ್ಲಿ ಹಣವೆಂಬುದು ಒಂದೇ ಕಾರಣಕ್ಕೆ ಕೈ ಬದಲಾಯಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ತನ್ನನ್ನು ಪೈಲವಾನನನ್ನಾಗಿ ಮಾಡಿ ಎಂದು ಒಪ್ಪಿಸಿಕೊಂಡವನ ಮೇವಿಗೆ, ಅಂದರೆ ಹಾಲು, ಬಾದಾಮಿ, ತುಪ್ಪಕ್ಕೆ ಕೊಡುವ ಹಣ ಅದು. ಅದಕ್ಕೇ ಖುರಾಕು ಎನ್ನುವುದು. ಅದರಲ್ಲಿ ಒಂದು ಪೈಸೆ ಉಳಿಸಿಕೊಂಡರೂ ವಸ್ತಾದನಿಗೆ ಅದು ಪಾಪ. ಎಲ್ಲವನ್ನೂ ಶಿಷ್ಯನ ಹೊಟ್ಟೆಗೇ ಹಾಕಬೇಕು.

ಹಾಕಿದರು. ಬೆಳಗ್ಗೆ ಐದೂವರೆಗೆ ನಾನು ಕೆಂಪು ಮಣ್ಣು ತಿರುವಿ, ಅರಿಸಿನ, ಎಣ್ಣೆ, ಮಜ್ಜಿಗೆ ಕಲಸಿ, ಐವತ್ತು ಬಸ್ಕಿ ಹೊಡೆದು, ಇಪ್ಪತ್ತು ದಂಡ ತೆಗೆದು ಏದುಸಿರು ಬಿಡುತ್ತ ಕೂತರೆ, ಎದುರಿಗೆ ಒಂದು ಸೇರು ಹಾಲು, ಅರೆದ ಬಾದಾಮಿ, ಅದರ ಮೇಲೆ ತೇಲುವ ತುಪ್ಪ. ಬೇಡವೆಂದರೆ, "ನಿಮ್ಮ ರೊಕ್ಕದ್ದ ಐತಿ, ಕುಡೀರಿ" ಎನ್ನುವರು. ಪೂರ್ತಿ ಕುಡಿಯುವವರೆಗೆ ಲೋಟವನ್ನೇ ನೋಡುತ್ತ ನಿಲ್ಲುವರು. ಇಪ್ಪತ್ತು ರೂಪಾಯಿಗೆ ಇಷ್ಟೆಲ್ಲ ಹೇಗೆ ಬರುತ್ತದೆ ಎಂಬ ಲೆಕ್ಕ ನನಗೆ ಹತ್ತದೆ, ಅವರನ್ನೇ ಕೇಳಿದೆ. ಎಮ್ಮೆ ಅವರ ಅಳಿಯನದಂತೆ. ಬಾದಾಮಿ ಮಾತ್ರ ಕೊಂಡದ್ದು. ಎಲ್ಲಿ ಕೊಂಡದ್ದು ಎಂದು ಕೇಳಬೇಕಾಗಿ ಬರಲಿಲ್ಲ, ಒಂದು ದಿನ ನಮ್ಮ ಅಂಗಡಿಯ ಮೆಟ್ಟಿಲೇರಿ ಬಂದರು. ನನ್ನನ್ನು ದಪ್ಪ ಮಾಡುವ ಬಾದಾಮಿಯನ್ನು ನಾನೇ ತೂಗಿ, ನಾನೇ ಕಟ್ಟಿ, ಹಸನಸಾಬರ ಮುಖ ನೋಡಿ ನಾಲ್ಕು ಹೆಚ್ಚೇ ಹಾಕಿಕೊಟ್ಟೆ. ಹಾಕುವಾಗ ಕೈ ಸುಮ್ಮನಿರಬೇಕಿತ್ತು.

ತಿಂಗಳ ಕೊನೆಗೆ ಅವರು ಚೀಟಿ ಕೊಟ್ಟರು. ಯಾರೋ ಸಾಲಿ ಮಾಸ್ತರರಿಂದ ಬರೆಸಿ, ಕೆಳಗೆ ತಾವೇ ಉರ್ದುವಿನಲ್ಲಿ ಸಹಿ ಹಾಕಿದ್ದರು. 'ಗುಮಾಸ್ತರ ಖುರಾಕಿನ ಬಗ್ಗೆ ಇಪ್ಪತ್ತು ರೂಪಾಯಿ ಮುಟ್ಟಿದೆ. ಹಾಲು, ಬಾದಾಮಿ, ತುಪ್ಪಕ್ಕೆ ಖರ್ಚಾಗಿದೆ' ಎಂದಿತ್ತು. ಅದನ್ನು ವಸಂತನ ಮೂಲಕ ನಿಧಿಗೆ ಕಳಿಸಿದೆ. ಹದಿನೈದು ದಿನಕ್ಕೆ ಉತ್ತರ ಬಂತು: ಸದಸ್ಯರು ತಾಲೀಮಿಗೆ ಹೋಗುತ್ತಿರುವುದು ಇದರಿಂದ ಸಿದ್ಧವಾಗುತ್ತದೆ, ಸಂತೋಷ. ಆದರೆ ರಿಯಾಯಿತಿ ಇರುವುದು ವ್ಯಾಯಾಮಕ್ಕೆ, ಊಟಕ್ಕಲ್ಲ. ಹೀಗೆ ಪುಕ್ಕಟೆ ಇದ್ದ ತಾಲೀಮಿಗೆ ತಿಂಗಳಿಗೆ ಇಪ್ಪತ್ತು ರೂಪಾಯಿ ಕೊಟ್ಟು, ಅರ್ಧ ಬರುತ್ತದೆಂದು ನಂಬಿ, ಒಂದು ಪೈಸೆಯೂ ಬರದೆ ಹೋದವನು ಜಗತ್ತಿನಲ್ಲೇ ನಾನೊಬ್ಬನೇ ಇರಬೇಕು. ನಿಲ್ಲಿಸೋಣವೆಂದರೆ ಚೀಟಿಯೇ ಸಾಕ್ಷಿ. ಹಣ ಕೊಡುವುದು ತಪ್ಪಲಿಲ್ಲ, ಹಾಲು ಕುಡಿಯುವುದು ತಪ್ಪಲಿಲ್ಲ, ಬಸ್ಕಿಯೂ ತಪ್ಪಲಿಲ್ಲ. ಗಾದಿಯ ಮೇಲೆ ಕೂತರೆ ತೊಡೆಗಳು ನಡುಗುತ್ತಿದ್ದವು. ಇತ್ತ ಮನೆಯಲ್ಲಿ ಸುಶೀಲೆ ಪ್ರತಿ ರವಿವಾರ ಒಂದು ದಾರ ತಂದು ನನ್ನ ಹೊಟ್ಟೆಗೆ ಸುತ್ತಿ ಗಂಟು ಹಾಕಿ ನೋಡುವಳು. ಗಂಟು ಹಿಂದೆ ಸರಿಯುವ ಬದಲು ಮುಂದೆ ಸರಿಯುತ್ತಿತ್ತು. ಅವಳು ಬೈಯುತ್ತಿರಲಿಲ್ಲ, ದಾರವನ್ನು ಸುತ್ತಿ ಡಬ್ಬಿಯೊಳಗಿಡುತ್ತಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಒಂದು ಸಲ ಮಾತ್ರ, "ಕಡಿಮಿ ಆಗಲಿಲ್ಲಂದ್ರ ಬಿಡ್ರಿ, ಕಲ್ಲ ಇಟಗೊಂಡ ಬದಕಿದವರು ಭಾಳ ಮಂದಿ ಅದಾರ" ಎಂದಳು. ಆ ದಿನ ನಾನು ನೂರು ಬಸ್ಕಿ ಹೊಡೆದೆ. ಹಸನಸಾಬ ಮೆಚ್ಚಿ ಹಾಲನ್ನು ಒಂದೂವರೆ ಸೇರು ಮಾಡಿದರು.

ಆರು ತಿಂಗಳಾಯಿತು. ಮತ್ತೆ ಖಾನಾಪುರ, ಅದೇ ಡಾಕ್ಟರು, ಅದೇ ಟೇಪು. ಸುಶೀಲೆ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು, ವಸಂತ ಗೋಡೆಯ ಕ್ಯಾಲೆಂಡರನ್ನು ಓದುವವನಂತೆ ನಟಿಸುತ್ತಿದ್ದ. ಡಾಕ್ಟರು ಮೊದಲು ಹೊಟ್ಟೆ ಅಳೆದರು. "ಮೂವತ್ತೆಂಟೂವರಿ. ಒಂದಿಂಚ ಹೆಚ್ಚಾಗೇತಲ್ಲರಿ" ಎಂದರು. ನಾನು ನೆಲ ನೋಡಿದೆ. ಆಮೇಲೆ ಎದೆಗೆ ಟೇಪು ಸುತ್ತಿದರು, ಬಿಚ್ಚಿ ಮತ್ತೊಮ್ಮೆ ಸುತ್ತಿದರು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಸುತ್ತಿದರು. "ಮೂವತ್ತೊಂಬತ್ತು." ಪುಸ್ತಕ ತೆಗೆದು ನಿಯಮ ಓದಿದರು. ಹೊಟ್ಟೆ ಇಳಿಯಬೇಕೆಂದು ಅದರಲ್ಲಿ ಎಲ್ಲೂ ಇರಲಿಲ್ಲ, ಎದೆಗಿಂತ ಕಡಿಮೆ ಇರಬೇಕೆಂದಷ್ಟೇ ಇತ್ತು. "ಅರ್ಧ ಇಂಚ ಗೆದ್ರಿ" ಎಂದು ನಕ್ಕು, 'ಸದಸ್ಯರು ಸದೃಢಕಾಯರು' ಎಂದು ಬರೆದು ಸಹಿ ಮಾಡಿದರು. ಸುಶೀಲೆ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತು ಅತ್ತಳು. ಆರು ತಿಂಗಳಿನಿಂದ ಅವಳು ಈ ಅಳುವನ್ನು ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಆಗ ತಿಳಿಯಿತು.

ಮುಂದಿನ ತಿಂಗಳೇ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಸುಶೀಲೆ ಯಾರ ಆಸರೆಯೂ ಇಲ್ಲದೆ ತಾನೇ ನಡೆದು ಒಳಗೆ ಹೋದಳು. ಹೊರಗೆ ನಾನು, ವಸಂತ, ಲೋಟದ ತುಂಬ ಹಾಲು ಹಿಡಿದುಕೊಂಡು ಬಂದಿದ್ದ ಹಸನಸಾಬ. ಎರಡು ಗಂಟೆಯ ಮೇಲೆ ನರ್ಸಮ್ಮ ಬಂದು, ಎಲ್ಲ ಸುಸೂತ್ರವಾಯಿತೆಂದು ಹೇಳಿ, ಸಣ್ಣ ಬಾಟಲಿಯಲ್ಲಿ ಹಾಕಿದ್ದ ಕಲ್ಲುಗಳನ್ನು ನನ್ನ ಮುಂದೆ ಹಿಡಿದಳು. ಕಡಲೆಕಾಳಿನಷ್ಟು ದಪ್ಪದ ಏಳು ಕಲ್ಲು. ಏಳನೆಯದನ್ನು ಎಣಿಸಿದ್ದು ನೆನಪಿದೆ.

ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ, ಹಣೆಗೆ ಎರಡು ಹೊಲಿಗೆ ಬಿದ್ದಿದ್ದವು. ಆಸ್ಪತ್ರೆಯ ಇಬ್ಬರು ಆಳುಗಳಿಗೆ ನನ್ನನ್ನು ಎತ್ತಲಾಗಲಿಲ್ಲವಂತೆ. ಹಸನಸಾಬ ಅವರನ್ನು ಪಕ್ಕಕ್ಕೆ ಸರಿಸಿ, ಒಬ್ಬರೇ ಹೆಗಲ ಮೇಲೆ ಹಾಕಿಕೊಂಡು ತಂದರಂತೆ. ಸಂಜೆ ಸುಶೀಲೆಗೆ ಎಚ್ಚರವಾದಾಗ ಅವರು ಬಹಳ ಸಮಾಧಾನದಿಂದ ವರದಿ ಒಪ್ಪಿಸಿದರು: "ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ. ನಾನ ಸ್ವತಃ ಎತ್ತಿ ನೋಡೇನಿ. ಖುರಾಕ ಮೈಗೆ ಹತ್ತೇತಿ." ಸುಶೀಲೆ ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರಿ, ಹೊಲಿಗಿ ಬಿಚ್ಚತಾವ" ಎಂದಳು.

ಅವಳ ಖರ್ಚನ್ನು ನಿಧಿ ಪೂರ್ತಿ ಕೊಟ್ಟಿತು, ಸುಳ್ಳು ಹೇಳಬಾರದು. ನನ್ನ ಎರಡು ಹೊಲಿಗೆಗೆ ಮಾತ್ರ ಒಂದು ಫಾರ್ಮು ಬಂತು. ಸದಸ್ಯರು ಸದೃಢಕಾಯರೆಂದು ನಮ್ಮ ವೈದ್ಯರೇ ಪ್ರಮಾಣಿಸಿದ್ದಾರೆ, ನಿಂತಲ್ಲೇ ಬೀಳಲು ಕಾರಣವೇನು, ಬರೆದು ಕಳಿಸಿ ಎಂದಿತ್ತು. ಕಾರಣ ನನಗೆ ಗೊತ್ತಿತ್ತು. ಆ ಎರಡು ಗಂಟೆ ನಾನು ಹೆದರಿದಷ್ಟು ಜೀವಮಾನದಲ್ಲಿ ಎಂದೂ ಹೆದರಿರಲಿಲ್ಲ, ಅವಳು ಬದುಕಿದಳೆಂದು ಕೇಳಿದ ಮೇಲೆ ಕಾಲಿನಲ್ಲಿ ಬಲ ಉಳಿಯಲಿಲ್ಲ, ಅಷ್ಟೇ. ಆದರೆ ಫಾರ್ಮು ವಸಂತನ ಕೈಯಿಂದಲೇ ಹೋಗಬೇಕು, ಹಾಗೆ ಬರೆದರೆ ಅವನು ಅದನ್ನು ಅಕ್ಕನಿಗೆ ಓದಿ ಹೇಳದೆ ಬಿಡುವವನಲ್ಲ. ಆದ್ದರಿಂದ 'ನೆಲ ಒದ್ದೆಯಾಗಿತ್ತು, ಕಾಲು ಜಾರಿತು' ಎಂದು ಬರೆದೆ. ಹಾಗಿದ್ದರೆ ಹಣವನ್ನು ಆಸ್ಪತ್ರೆಯವರನ್ನೇ ಕೇಳಿ ಎಂದು ನಿಧಿ ಕೈತೊಳೆದುಕೊಂಡಿತು. ವಸಂತ ಆ ಉತ್ತರವನ್ನೂ ಅಕ್ಕನಿಗೆ ಓದಿ ಹೇಳಿದ. ಸುಶೀಲೆ ಆ ಕಾಗದವನ್ನು ಇಸಿದುಕೊಂಡು, ಊಟಕ್ಕೆ ಕೂತಿದ್ದ ನನ್ನ ಹಣೆಯನ್ನು ನೋಡಿ, "ನೆಲ ಒಣಗಿತ್ತಂತಲ್ಲ, ನರ್ಸಮ್ಮ ಹೇಳಿದಳು" ಎಂದು ಮತ್ತೊಂದು ರೊಟ್ಟಿ ಹಾಕಿದಳು. ನಾನು ತಲೆ ಎತ್ತದೆ ಉಂಡೆ.